ಓದುಗರ ಪ್ರಶ್ನೆಗೆ ಉತ್ತರ: ಉಬ್ಬುತಳದ ಸರ್ಫ್‌ಬೋರ್ಡಿನಲ್ಲಿ ಫಿನ್ ಎಲ್ಲಿ ಕೂರಬೇಕು?

ಕೊಡಗಿಗೆ ಕಡಲಿಲ್ಲ. ಆದರೂ ಕಾರಿನ ನೆತ್ತಿಗೆ ಬೋರ್ಡು ಕಟ್ಟಿಕೊಂಡು ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ, ಅಲ್ಲಿಂದ ಉತ್ತರಕ್ಕೆ ಮೂಲ್ಕಿಗೆ ಹೋಗಿ ಬರುವವರು ನಮ್ಮ ಜಿಲ್ಲೆಯಲ್ಲಿದ್ದಾರೆ ಎಂಬುದಕ್ಕೆ ಈ ಅಂಕಣಕ್ಕೆ ಬರುವ ಪತ್ರಗಳೇ ಸಾಕ್ಷಿ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಡಿಸ್‌ಪ್ಲೇಸ್‌ಮೆಂಟ್ ಹಲ್ ಎಂದು ಕರೆಯುವ, ತಳ ಹೊರಕ್ಕೆ ಉಬ್ಬಿರುವ ಬೋರ್ಡುಗಳನ್ನು ಕುರಿತವು. ಅವುಗಳಲ್ಲಿಯೂ ಬಹುಪಾಲು ಫಿನ್ (ಬೋರ್ಡಿನ ತಳದಲ್ಲಿ ಬಾಲದ ಕಡೆ ನಿಲ್ಲಿಸುವ ರೆಕ್ಕೆ) ಕೂರಿಸುವ ಜಾಗದ ಬಗ್ಗೆ ಕೇಳಿದವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇನೆ.

ಪ್ರಶ್ನೆ: ಏಳು ಅಡಿ ಎರಡು ಅಂಗುಲ ಉದ್ದದ ಹಲ್ ಬೋರ್ಡೊಂದನ್ನು ಪರಿಚಯದವರಿಂದ ಕೊಂಡುಕೊಂಡೆ. ಸಸಿಹಿತ್ಲುವಿನಲ್ಲಿ ನಾಲ್ಕು ಸಲ ಅಲೆ ಹತ್ತಿ ನೋಡಿದೆ. ಬೋರ್ಡು ಹಳಿಯ ಮೇಲೆ ಹೋಗುವಂತೆ ನೇರವಾಗಿ ಹೋಗುತ್ತದೆ. ತಿರುಗಿಸಲು ಹಿಂಗಾಲಿಗೆ ಭಾರ ಹಾಕಿದರೆ ಬಾಲ ಕುಸಿದು ವೇಗ ನಿಂತುಬಿಡುತ್ತದೆ. ಹಳೆಯ ಮಾಲೀಕರು ಫಿನ್ನನ್ನು ಬಾಕ್ಸಿನ (ಫಿನ್ ಕೂರಿಸಲು ತಳದಲ್ಲಿರುವ ಉದ್ದನೆಯ ತೋಡಿನ) ತೀರಾ ಹಿಂದಿನ ತುದಿಯಲ್ಲಿ ಕೂರಿಸಿದ್ದರು. ಅದನ್ನು ಎಲ್ಲಿಗೆ ಸರಿಸಬೇಕು?
— ಓದುಗರು, ವಿರಾಜಪೇಟೆ

ಉತ್ತರ: ಮೊದಲಿಗೆ ಫಿನ್ನನ್ನು ಬಾಕ್ಸಿನ ನಟ್ಟನಡುವಿಗೆ ತನ್ನಿ. ಆದರೆ ಅಷ್ಟನ್ನೇ ಹೇಳಿ ಮುಗಿಸಿದರೆ ನಿಮಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ, ಏಕೆಂದರೆ ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ: ಫಿನ್ ಇರುವ ಜಾಗ ಒಂದು, ನಿಮ್ಮ ಹಿಂಗಾಲು ಇರುವ ಜಾಗ ಇನ್ನೊಂದು. ಹಲ್ ಬೋರ್ಡಿನಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಬರುವುದಿಲ್ಲ.

ಇದರ ಕಾರಣ ಬೋರ್ಡಿನ ತಳದಲ್ಲಿದೆ. ಇಂದಿನ ಸಾಮಾನ್ಯ ಬೋರ್ಡುಗಳ ತಳ ಚಪ್ಪಟೆಯಾಗಿಯೋ ಒಳಕ್ಕೆ ತಗ್ಗಾಗಿಯೋ ಇರುತ್ತದೆ. ಬಾಲದ ಕಡೆ ಅವುಗಳ ಅಂಚು ಚೂಪಾಗಿರುವುದರಿಂದ ನೀರು ಆ ಅಂಚಿಗೆ ತಾಗಿ ಸಿಡಿದು ಬೇರ್ಪಡುತ್ತದೆ, ಬೋರ್ಡು ನೀರಿನ ಮೇಲೆ ಜಾರುತ್ತದೆ. ಹಲ್ ಬೋರ್ಡಿನಲ್ಲಿ ಮುಂಭಾಗದ ತಳ ದೋಣಿಯ ಹೊಟ್ಟೆಯಂತೆ ಉಬ್ಬಿರುತ್ತದೆ, ಸರ್ಫ್ ಮಾಡುವವರು ರೈಲ್ ಎನ್ನುವ ಅಂಚು ತೆಳ್ಳಗೆ, ದುಂಡಗೆ ಇರುತ್ತದೆ. ಅದು ನೀರಿನೊಳಗೆ ಸ್ವಲ್ಪ ಕುಳಿತೇ ಸಾಗುತ್ತದೆ. ಇದನ್ನು ಮನೆಯಲ್ಲಿಯೇ ನೋಡಬಹುದು. ಅಡುಗೆಮನೆಯ ನಲ್ಲಿಯನ್ನು ತೆಳುವಾಗಿ ಬಿಟ್ಟು, ಒಂದು ಚಮಚದ ಹಿಡಿಯ ತುದಿಯನ್ನು ಎರಡು ಬೆರಳುಗಳ ನಡುವೆ ಸಡಿಲವಾಗಿ ಹಿಡಿದು ತೂಗಾಡಲು ಬಿಡಿ. ಅದರ ಉಬ್ಬಿದ ಬೆನ್ನನ್ನು ಮೆಲ್ಲನೆ ನೀರಿನ ಧಾರೆಗೆ ತಾಗಿಸಿ. ನೀರು ಚಮಚವನ್ನು ಆಚೆ ತಳ್ಳುತ್ತದೆ ಎಂದು ನಾವು ಎಣಿಸುತ್ತೇವೆ, ಆದರೆ ಚಮಚ ಧಾರೆಯ ಒಳಕ್ಕೇ ಎಳೆದುಕೊಳ್ಳುತ್ತದೆ. ಉಬ್ಬಿದ ಮೈಗೆ ನೀರು ಅಂಟಿಕೊಂಡು ಹರಿಯುವುದರಿಂದ ಹುಟ್ಟುವ ಸೆಳೆತ ಅದು. ಹಲ್ ಬೋರ್ಡನ್ನು ಒಂದು ಬದಿಗೆ ವಾಲಿಸಿದಾಗ ಆ ಬದಿಯ ದುಂಡು ಅಂಚನ್ನು ಅಲೆಯ ಗೋಡೆ ಹಿಡಿದು ಎಳೆದುಕೊಳ್ಳುವುದೂ ಇದೇ ಬಗೆಯಲ್ಲಿ. ಬೋರ್ಡು ತಿರುಗುವುದು ಅಲ್ಲಿ, ನಡುವಿನಲ್ಲಿ, ಬಾಲದಲ್ಲಲ್ಲ.

ಹಾಗಾದರೆ ಫಿನ್ನಿನ ಕೆಲಸವೇನು? ಅದನ್ನು ದೋಣಿಯ ಚುಕ್ಕಾಣಿ ಎಂದು ತಿಳಿಯುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆ. ಚುಕ್ಕಾಣಿಯನ್ನು ತಿರುಗಿಸಿದರೆ ದೋಣಿ ತಿರುಗುತ್ತದೆ. ಫಿನ್ ತಾನಾಗಿ ತಿರುಗುವುದಿಲ್ಲ. ಅದು ಬಾಲ ಪಕ್ಕಕ್ಕೆ ಜಾರದಂತೆ ಹಿಡಿದುಕೊಳ್ಳುವ ಗೂಟ. ಗೂಟ ಎಷ್ಟು ಹಿಂದಿದೆಯೋ ಬೋರ್ಡು ಅಷ್ಟು ನೇರಕ್ಕೆ ಹಟ ಹಿಡಿಯುತ್ತದೆ. ಎಷ್ಟು ಮುಂದೆ ಬಂದರೆ ಅಷ್ಟು ಸಲೀಸಾಗಿ ತಿರುಗುತ್ತದೆ, ಅಷ್ಟೇ ಸಲೀಸಾಗಿ ಬಾಲ ಕೈಬಿಡಲೂಬಹುದು. ಹಲ್ ಬೋರ್ಡಿನ ಮೇಲೆ ನಿಲ್ಲುವವರು ಮಾಮೂಲಿ ಬೋರ್ಡಿಗಿಂತ ಮುಂದೆ, ಹಿಂಗಾಲು ಫಿನ್ನಿಗಿಂತ ಸ್ಪಷ್ಟವಾಗಿ ಮುಂದಿರುವಂತೆ ನಿಂತು, ಮೊಣಕಾಲು ಬಗ್ಗಿಸಿ ಇಡೀ ಅಂಚಿಗೆ ಭಾರ ಕೊಡುತ್ತಾರೆ. ಆದ್ದರಿಂದಲೇ ಈ ಬೋರ್ಡುಗಳಲ್ಲಿ ಬಾಕ್ಸನ್ನೇ ಬಾಲದಿಂದ ಸಾಕಷ್ಟು ಮುಂದೆ ಕೂರಿಸಿರುತ್ತಾರೆ. ನಿಮ್ಮ ಬೋರ್ಡಿನಲ್ಲಿ ಫಿನ್ ಹಿಂದಿನ ತುದಿಗೆ ಹೋಗಿರುವುದರಿಂದ ನೀವು ಅದನ್ನು ಹುಡುಕಿಕೊಂಡು ಬಾಲಕ್ಕೆ ನಡೆದಿದ್ದೀರಿ. ಅಲ್ಲಿ ಭಾರ ಬಿದ್ದೊಡನೆ ಉಬ್ಬಿದ ಮುಂಭಾಗ ನೀರಿನಿಂದ ಮೇಲೆದ್ದು, ತಿರುಗಿಸಬೇಕಾದ ಅಂಚೇ ಕೆಲಸವಿಲ್ಲದೆ ಉಳಿಯುತ್ತದೆ. ಬಾಲ ಕುಸಿದು ವೇಗ ನಿಲ್ಲುವುದು ಹೀಗೆ.

ಈಗ ಮಾಡಬೇಕಾದ ಕೆಲಸ. ಉದ್ದನೆಯ ಬಾಕ್ಸು ಸಾಮಾನ್ಯವಾಗಿ ಹತ್ತೂವರೆ ಅಂಗುಲ ಇರುತ್ತದೆ. ಫಿನ್ನಿನ ಬುಡ ಕೂತ ಮೇಲೆಯೂ ಅದನ್ನು ಮೂರ್ನಾಲ್ಕು ಅಂಗುಲದಷ್ಟು ಹಿಂದೆ ಮುಂದೆ ಸರಿಸಲು ಜಾಗವಿರುತ್ತದೆ. ಬಾಕ್ಸಿನ ಪಕ್ಕದಲ್ಲಿ ಉದ್ದಕ್ಕೂ ಒಂದು ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್ಲಿನಿಂದ ಕಾಲು ಅಂಗುಲಕ್ಕೊಂದು ಗೆರೆ ಹಾಕಿ. ಅಳತೆಯನ್ನು ಯಾವಾಗಲೂ ಫಿನ್ನಿನ ಬುಡದ ಹಿಂದಿನ ಮೂಲೆಯಿಂದ ತೆಗೆದುಕೊಳ್ಳಿ. ಫಿನ್ ಸರಿಯಬಲ್ಲ ಜಾಗದ ನಡುವಿನ ಗೆರೆಯಲ್ಲಿ ಕೂರಿಸಿ ಒಂದು ಇಡೀ ಬೆಳಗ್ಗೆ ಅದೇ ಜಾಗದಲ್ಲಿ ಸವಾರಿ ಮಾಡಿ; ಎರಡು ಅಲೆ ಹತ್ತಿ ದಡಕ್ಕೆ ಬಂದು ಸ್ಕ್ರೂ ಬಿಚ್ಚಬೇಡಿ. ಆಮೇಲೆ ಬೇಕಾದರೆ ಕಾಲು ಅಂಗುಲ ಮುಂದಕ್ಕೆ ಸರಿಸಿ. ಕಾಲು ಅಂಗುಲವೆಂದರೆ ಆರು ಮಿಲಿಮೀಟರ್‌ಗಿಂತ ತುಸು ಹೆಚ್ಚು, ಇದರಿಂದ ಏನಾಗುತ್ತದೆ ಎಂದು ನಿಮಗೆ ಅನಿಸಬಹುದು. ಮಳೆಗಾಲ ಮುಗಿದ ಮೇಲಿನ ಒಂದು ಅಕ್ಟೋಬರ್ ಬೆಳಗ್ಗೆ ಮೂಲ್ಕಿಯಲ್ಲಿ ನಾನು ನನ್ನ ಬೋರ್ಡಿನ ಫಿನ್ನನ್ನು ಎರಡು ಗೆರೆ, ಅಂದರೆ ಅರ್ಧ ಅಂಗುಲ ಮುಂದಕ್ಕೆ ಸರಿಸಿದ್ದೆ. ಅದುವರೆಗೆ ಭುಜ ತಿರುಗಿಸಿ, ಸೊಂಟ ತಿರುಗಿಸಿ ಒತ್ತಾಯದಿಂದ ತಿರುಗಿಸುತ್ತಿದ್ದ ಬೋರ್ಡು, ಸೊಂಟದೆತ್ತರದ ಅಲೆಯ ಬುಡದಲ್ಲಿ ನಾನು ಮುಂಗಾಲಿನ ಬೆರಳುಗಳನ್ನು ಒತ್ತಿದ ಮಾತ್ರಕ್ಕೆ ಬಲಕ್ಕೆ ವಾಲಿ, ಸದ್ದಿಲ್ಲದೆ ಅಲೆಯ ಗೋಡೆಯನ್ನು ಹತ್ತಿತು. ಅದೇ ದಿನ ಇನ್ನೂ ಎರಡು ಗೆರೆ ಮುಂದಕ್ಕೆ ತಂದಾಗ ಮೊದಲನೆಯ ತಿರುವಿನಲ್ಲಿಯೇ ಬಾಲ ಜಾರಿ ಬಿದ್ದೆ. ಒಂದೇ ಬೋರ್ಡು, ಒಂದೇ ಫಿನ್, ಒಂದೇ ಕಡಲು. ನಡುವೆ ಇದ್ದದ್ದು ಅರ್ಧ ಅಂಗುಲ ಮಾತ್ರ.

ನೀವು ಹೋಗುವ ಕಡಲಿನ ಬಗ್ಗೆ ಒಂದು ಮಾತು. ಹಲ್ ಬೋರ್ಡುಗಳನ್ನು ರೂಪಿಸಿದ್ದು ಕ್ಯಾಲಿಫೋರ್ನಿಯಾದ ಮಾಲಿಬುವಿನಂಥ ಕಡೆ, ಒಂದು ಚಾಚಿಗೆ (ಕಡಲೊಳಕ್ಕೆ ಚಾಚಿದ ನೆಲಕ್ಕೆ) ತಾಗಿ ಬಲಕ್ಕೆ ಉದ್ದವಾಗಿ ಸುಲಿಯುತ್ತ ಹೋಗುವ ಅಲೆಗಳಿಗಾಗಿ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಮೂಲ್ಕಿ ಅಳಿವೆಯ ಸುತ್ತ ಅಲೆ ಒಡೆಯುವುದು ಮರಳಿನ ದಿಬ್ಬಗಳ ಮೇಲೆ. ಆ ದಿಬ್ಬಗಳು ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತವೆ, ಅಲೆಯ ಗೋಡೆ ಚಿಕ್ಕದಾಗಿರುತ್ತದೆ, ಬೇಗ ತಿರುಗಬೇಕಾಗುತ್ತದೆ. ಹೀಗಾಗಿ ಇಲ್ಲಿಗೆ ನಡುವಿಗಿಂತ ಒಂದು ಗೆರೆ ಮುಂದಿರುವುದು ಒಳ್ಳೆಯದು ಎಂಬುದು ನನ್ನ ಅನುಭವ. ತಮಿಳುನಾಡಿನ ಕೋವಳಂನಂತೆ ಚಾಚಿನಿಂದ ಬಲಕ್ಕೆ ಓಡುವ ಅಲೆಯಿರುವ ಕಡೆ ಹೋದರೆ ಅದೇ ಫಿನ್ನನ್ನು ನಡುವಿನಿಂದ ಒಂದು ಗೆರೆ ಹಿಂದಕ್ಕೆ ಸರಿಸಿ ನೋಡಿ. ಉದ್ದ ಓಟದಲ್ಲಿ ಬೋರ್ಡು ಅಲೆಯ ಮೇಲ್ಭಾಗದಲ್ಲಿ ನಿಂತು ಓಡುವ ಸುಖವೇ ಬೇರೆ.

ಪ್ರಶ್ನೆ: ಫಿನ್ ಮುಂದಕ್ಕೆ ಸರಿಸಿದರೆ ಬೋರ್ಡು ಚುರುಕಾಗುತ್ತದೆ ಎಂದು ಕೇಳಿ ಸರಿಸಿದೆ. ಅದೇ ಸಮಯಕ್ಕೆ ಹಳೆಯ ಫಿನ್ನಿನ ತುದಿ ಮುರಿದಿದ್ದರಿಂದ ಹೊಸದನ್ನೂ ಹಾಕಿದೆ. ಈಗ ಪ್ರತಿ ತಿರುವಿನಲ್ಲಿಯೂ ಬಾಲ ಜಾರುತ್ತಿದೆ. ಹಿಂದಿನ ಜಾಗಕ್ಕೇ ತಂದರೂ ಸರಿಹೋಗಲಿಲ್ಲ.
— ಓದುಗರು, ಸೋಮವಾರಪೇಟೆ

ಉತ್ತರ: ತಾವು ಕಳುಹಿಸಿದ ಚಿತ್ರದಲ್ಲಿ ಹಳೆಯ ಫಿನ್ ಕುಡುಗೋಲಿನಂತೆ ಹಿಂದಕ್ಕೆ ಬಾಗಿದೆ; ಹೊಸದು ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಉತ್ತರ ಅಲ್ಲಿಯೇ ಇದೆ. ನೀರನ್ನು ಹಿಡಿಯುವುದು ಫಿನ್ನಿನ ಬುಡವಲ್ಲ, ಅದರ ಇಡೀ ಮೈ. ಹಿಂದಕ್ಕೆ ಬಾಗಿದ ಫಿನ್ನಿನಲ್ಲಿ ಮೈಯ ಬಹುಭಾಗ ಬುಡಕ್ಕಿಂತ ಹಿಂದಿರುತ್ತದೆ. ನೆಟ್ಟಗಿನ ಫಿನ್ನಿನಲ್ಲಿ ಅದು ಬುಡದ ಮೇಲೆಯೇ ಇರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಗೆರೆಯಲ್ಲಿ ಕೂರಿಸಿದರೂ ನೆಟ್ಟಗಿನ ಫಿನ್ನಿನ ಹಿಡಿತ ಮುಂದಕ್ಕೆ ಬಂದಂತಾಗುತ್ತದೆ. ಹಳೆಯ ಗೆರೆಗೆ ತಂದರೂ ಸರಿಹೋಗದಿರುವುದು ಇದೇ ಕಾರಣಕ್ಕೆ. ಹೊಸ ಫಿನ್ನನ್ನು ಹಳೆಯ ಗೆರೆಗಿಂತ ಅರ್ಧ ಅಂಗುಲ ಹಿಂದೆ ಇಟ್ಟು ಅಲ್ಲಿಂದ ಆರಂಭಿಸಿ.

ಒಂದು ರಟ್ಟಿನ ಮೇಲೆ ಹಳೆಯ ಫಿನ್ನಿನ ಆಕಾರವನ್ನು ಗೆರೆ ಹಾಕಿ ಕತ್ತರಿಸಿಟ್ಟುಕೊಂಡಿದ್ದರೆ, ಹೊಸ ಫಿನ್ ಕೊಳ್ಳುವಾಗ ಅದರ ಮೇಲಿಟ್ಟು ಹೋಲಿಸಬಹುದಿತ್ತು. ಮುರಿದ ಫಿನ್ ಇನ್ನೂ ಮನೆಯಲ್ಲಿದ್ದರೆ ಈಗಲೂ ಮಾಡಿಟ್ಟುಕೊಳ್ಳಿ. ರಟ್ಟನ್ನು ಒಂದು ಬೆರಳಿನ ತುದಿಯ ಮೇಲೆ ಸಮತೂಕವಾಗಿ ನಿಲ್ಲಿಸಿದರೆ ಆ ಬಿಂದುವೇ ಫಿನ್ನಿನ ಮೈಯ ನಡು. ಎರಡು ಫಿನ್ನುಗಳ ಆ ಬಿಂದುಗಳು ಬಾಲದಿಂದ ಒಂದೇ ದೂರದಲ್ಲಿರುವಂತೆ ಕೂರಿಸುವುದು ನಂಬಬಹುದಾದ ಲೆಕ್ಕ. ಇನ್ನು ಮುಂದೆ ಫಿನ್ ಬದಲಿಸಿದ ದಿನ ಜಾಗ ಬದಲಿಸಬೇಡಿ, ಜಾಗ ಬದಲಿಸಿದ ದಿನ ಫಿನ್ ಬದಲಿಸಬೇಡಿ.

ಪ್ರಶ್ನೆ: ನಾನು ಬಡಗಿ ಕೆಲಸ ಬಲ್ಲವನು. ಹಲ್ ಬೋರ್ಡಿಗೆ ಬೇಕಾಗುವ ಫಿನ್ ತರಿಸಿಕೊಳ್ಳುವುದು ದುಬಾರಿ. ಮನೆಯಲ್ಲಿ ಒಂದು ಹಳೆಯ ಬೀಟೆ ಮರದ ಹಲಗೆಯಿದೆ, ತೋಟದ ಸಿಲ್ವರ್ ಓಕ್ ಕೂಡ ಇದೆ. ಇವುಗಳಿಂದ ಫಿನ್ ಮಾಡಬಹುದೇ?
— ಓದುಗರು, ಗೋಣಿಕೊಪ್ಪಲು

ಉತ್ತರ: ಮಾಮೂಲಿ ಲಾಂಗ್‌ಬೋರ್ಡಿಗೆ ಆಗಿದ್ದರೆ ಸಂತೋಷದಿಂದ ಮಾಡಿ ಎನ್ನುತ್ತಿದ್ದೆ. ಹಲ್ ಬೋರ್ಡಿಗೆ ಬೇಡ ಎನ್ನಲು ಕಾರಣವಿದೆ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಬಗೆಯ ಬೋರ್ಡುಗಳ ಮೂಲದಲ್ಲಿ ಇರುವ ಹೆಸರು ಜಾರ್ಜ್ ಗ್ರೀನೊ ಅವರದು. ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಅವರು ಮಂಡಿಯೂರಿ ಅಲೆ ಏರುವ ಚಿಕ್ಕ ಬೋರ್ಡುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದವರು. ಆಗಿನ ಬೋರ್ಡುಗಳಿಗೆ ಅಗಲವಾದ, ಮಿಸುಕದ, ಕೊಡಲಿಯಂಥ ಫಿನ್ನುಗಳಿದ್ದವು. ಗ್ರೀನೊ ಅವರು ಟ್ಯೂನಾ ಮೀನಿನ ಬಾಲದ ರೆಕ್ಕೆಯನ್ನು ನೋಡಿ, ಬುಡದಲ್ಲಿ ಗಟ್ಟಿಯಾಗಿ ತುದಿಗೆ ಹೋದಂತೆ ಕಿರಿದೂ ತೆಳುವೂ ಆಗಿ ಬಳುಕುವ ಫೈಬರ್‌ಗ್ಲಾಸ್ ಫಿನ್ ಮಾಡಿದರು. ಆಸ್ಟ್ರೇಲಿಯಾಕ್ಕೆ ಹೋದಾಗ ಅವರ ಆಲೋಚನೆಗಳು ಅಲ್ಲಿನ ಬೋರ್ಡು ತಯಾರಕ ಬಾಬ್ ಮೆಕ್‌ಟಾವಿಶ್, ಸರ್ಫರ್ ನ್ಯಾಟ್ ಯಂಗ್ ಅವರಂಥವರನ್ನು ಸೆಳೆದವು. 1966ರಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪನ್ನು ನ್ಯಾಟ್ ಯಂಗ್ ಗೆದ್ದದ್ದು ಅದೇ ಜಾಡಿನ ತೆಳುವಾದ ಬೋರ್ಡು ಮತ್ತು ಫಿನ್ನಿನ ಮೇಲೆ. ಮುಂದೆ ಗ್ರೆಗ್ ಲಿಡ್ಲ್ ಅವರು ಮಾಲಿಬುವಿನ ಅಲೆಗಳಿಗಾಗಿ ಹಲ್ ಬೋರ್ಡುಗಳನ್ನು ದಶಕಗಳ ಕಾಲ ತಿದ್ದುತ್ತ, ಹೆಚ್ಚಿನವರು ಅದನ್ನು ಬಿಟ್ಟಾಗಲೂ ಬಿಡದೆ ಉಳಿಸಿದರು.

ಆ ಬಳುಕು ಹಲ್ ಬೋರ್ಡಿನಲ್ಲಿ ಅಲಂಕಾರಕ್ಕೆ ಇರುವುದಲ್ಲ. ಬೋರ್ಡನ್ನು ಅಂಚಿನ ಮೇಲೆ ಒರಗಿಸಿದಾಗ ಫಿನ್ನಿನ ತುದಿ ಒಂದಿಷ್ಟು ಬಾಗಿ, ತಿರುವು ಮುಗಿಯುವಾಗ ನೆಟ್ಟಗಾಗುತ್ತದೆ. ಆ ಮರಳುವಿಕೆಯಲ್ಲಿ ಬೋರ್ಡು ಮುಂದಕ್ಕೆ ಚಿಮ್ಮಿದಂತೆ ಅನಿಸುತ್ತದೆ. ಏಳು ಅಡಿಯ ಬೋರ್ಡಿಗೆ ಒಂಬತ್ತರಿಂದ ಹತ್ತು ಅಂಗುಲ ಆಳದಷ್ಟು ದೊಡ್ಡ ಫಿನ್ ಹಾಕಿಯೂ ಅದು ಹಟಮಾರಿಯಾಗದಿರುವುದಕ್ಕೆ ಈ ಬಳುಕೂ ಒಂದು ಕಾರಣ. ಮರದ ಫಿನ್ ಈ ಕೆಲಸ ಮಾಡಲಾರದು. ಸಾಕಷ್ಟು ತೆಳುವಾಗಿ ಮಾಡಿದರೆ ಮುರಿಯುತ್ತದೆ, ಮುರಿಯದಷ್ಟು ದಪ್ಪ ಮಾಡಿದರೆ ಬಳುಕುವುದಿಲ್ಲ. ಅಲ್ಲದೆ ಬೀಟೆಯಲ್ಲಿ ಎಣ್ಣೆಯಂಶ ಹೆಚ್ಚು, ಅದರ ಮೇಲೆ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಸರಿಯಾಗಿ ಹಿಡಿಯುವುದಿಲ್ಲ. ಅಂಥ ಹಲಗೆಯನ್ನು ಉಪ್ಪುನೀರಿಗೆ ಹಾಕುವುದೂ ನನಗೆ ಸರಿ ಕಾಣುವುದಿಲ್ಲ.

ಆದರೆ ಬಡಗಿಯ ಕೈ ವ್ಯರ್ಥವಾಗಬೇಕಾಗಿಲ್ಲ. ಫೈಬರ್‌ಗ್ಲಾಸ್ ಬಟ್ಟೆಯ ಪದರಗಳನ್ನು ಎಪಾಕ್ಸಿ ರೆಸಿನ್ನಿನಲ್ಲಿ ನೆನೆಸಿ ಒಂದರ ಮೇಲೊಂದು ಹಾಸಿ, ಫಿನ್ನಿನ ಬುಡ ಬಾಕ್ಸಿನಲ್ಲಿ ಬಿಗಿಯಾಗಿ ಕೂರುವಷ್ಟು ದಪ್ಪದ ಹಲಗೆ ಮಾಡಿಕೊಂಡು, ಅದರಿಂದ ಆಕಾರ ಕತ್ತರಿಸಿ ಉಜ್ಜಿ ಇಳಿಸುವುದು ಮರಗೆಲಸ ಬಲ್ಲವರಿಗೆ ಕಷ್ಟವಲ್ಲ. ಎರಡೂ ಮೈ ಒಂದೇ ಸಮ ಉಬ್ಬಿರಬೇಕು. ಅತಿ ದಪ್ಪದ ಭಾಗ ಮುಂದಿನ ಮೂರನೆಯ ಒಂದು ಭಾಗದ ಸುಮಾರಿಗೆ ಬಂದು, ಅಲ್ಲಿಂದ ಹಿಂದಿನ ಅಂಚಿಗೆ ಇಳಿಯಬೇಕು. ಬುಡವನ್ನು ವೈಸಿನಲ್ಲಿ ಕಚ್ಚಿಸಿ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಉಜ್ಜಿರಿ. ಬಾಗು ತುದಿಯ ಕಡೆಯ ಮೂರನೆಯ ಭಾಗದಲ್ಲಿ ಹೆಚ್ಚಾಗಿ, ಬುಡದ ಕಡೆಗೆ ಬರುತ್ತ ಇಲ್ಲವಾಗಬೇಕು. ಬುಡದಿಂದಲೇ ಇಡಿಯಾಗಿ ಬಾಗಿದರೆ ಅದು ಅಗ್ಗದ ಪ್ಲಾಸ್ಟಿಕ್ ಫಿನ್ನಿನಂತಾಯಿತು, ತಿರುವಿನ ನಡುವೆ ಕೈಬಿಡುತ್ತದೆ. ಉಜ್ಜುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಮನೆಯ ಮಕ್ಕಳನ್ನು ಹತ್ತಿರ ಬಿಡಬೇಡಿ. ಮಳೆಗಾಲದಲ್ಲಿ ನಮ್ಮ ಕಡೆಯ ತೇವಕ್ಕೆ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಕಟ್ಟಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ. ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆಯೂ ಜನವರಿ, ಫೆಬ್ರುವರಿಯ ಒಣ ಹವೆಯಲ್ಲಿಯೇ ಇದನ್ನು ಮಾಡಿ ಮುಗಿಸುವುದು ಲೇಸು.

ಪ್ರಶ್ನೆ: ಬದಿಗೆ ಎರಡು ಚಿಕ್ಕ ಫಿನ್ ಸೇರಿಸಿದರೆ ಹಲ್ ಬೋರ್ಡಿನ ಹಿಡಿತ ಹೆಚ್ಚುವುದೇ?
— ಓದುಗರು, ಪೊನ್ನಂಪೇಟೆ

ಉತ್ತರ: ಬೇಡ. ಅಂಚಿನಿಂದ ಅಂಚಿಗೆ ಉರುಳುವುದೇ ಹಲ್ ಬೋರ್ಡಿನ ಜೀವ. ಬದಿಯ ಫಿನ್ನುಗಳು ಆ ಉರುಳನ್ನು ತಡೆಯುತ್ತವೆ. ಹಿಡಿತ ಸಾಲದಿದ್ದರೆ ಇರುವ ಒಂದು ಫಿನ್ನನ್ನೇ ಕಾಲು ಅಂಗುಲ ಹಿಂದಕ್ಕೆ ಸರಿಸಿ, ಅದೂ ಸಾಲದಿದ್ದರೆ ಅರ್ಧ ಅಂಗುಲ ಆಳ ಹೆಚ್ಚಿರುವ ಫಿನ್ ಹಾಕಿ.

ಪ್ರಶ್ನೆ: ನಾನು ಮತ್ತು ಅಪ್ಪ ಒಂದೇ ಹಲ್ ಬೋರ್ಡನ್ನು ಹಂಚಿಕೊಳ್ಳುತ್ತೇವೆ. ಅಪ್ಪನ ತೂಕ 85 ಕಿಲೋ, ನನ್ನದು 50. ಅಪ್ಪನಿಗೆ ಸರಿಹೋಗುವ ಫಿನ್ ಜಾಗ ನನಗೆ ಗಟ್ಟಿಯೆನಿಸುತ್ತದೆ. ನನಗೆ ಸರಿಯೆನಿಸಿದ್ದು ಅಪ್ಪನಿಗೆ ಜಾರುತ್ತದೆ. ಯಾರು ತಪ್ಪು?
— ಕಾಲೇಜು ವಿದ್ಯಾರ್ಥಿನಿ, ಮಡಿಕೇರಿ

ಉತ್ತರ: ಇಬ್ಬರೂ ಸರಿ, ಮಗಳೇ. ಹೆಚ್ಚು ತೂಕದವರು ತಿರುವಿನಲ್ಲಿ ಫಿನ್ನಿನ ಮೇಲೆ ಹೆಚ್ಚು ಒತ್ತಡ ಹಾಕುತ್ತಾರೆ. ಅವರಿಗೆ ಹಿಡಿತ ಬೇಕು. ಕಡಿಮೆ ತೂಕದವರಿಗೆ ಅದೇ ಹಿಡಿತ ಕಟ್ಟಿಹಾಕಿದಂತೆ ಆಗುತ್ತದೆ. ಟೇಪಿನ ಮೇಲೆ ಇಬ್ಬರ ಗೆರೆಯನ್ನೂ ಬೇರೆಬೇರೆ ಗುರುತು ಮಾಡಿಕೊಳ್ಳಿ. ಅಪ್ಪನ ಗೆರೆ ಹಿಂದೆ, ನಿಮ್ಮದು ಅದಕ್ಕಿಂತ ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲ ಮುಂದೆ ಬರುವ ಸಾಧ್ಯತೆ ಹೆಚ್ಚು.

ಆದರೆ ಕಡಲಿನಲ್ಲಿರುವಾಗ ಸರದಿಗೊಮ್ಮೆ ಸ್ಕ್ರೂ ಬಿಚ್ಚಿ ಬಿಗಿಮಾಡುವುದು ನಡೆಯುವ ಮಾತಲ್ಲ. ಸಾಧ್ಯವಿದ್ದರೆ ನಿಮಗಾಗಿ ಇನ್ನೊಂದು ಫಿನ್, ಅಪ್ಪನದಕ್ಕಿಂತ ಮುಕ್ಕಾಲು ಅಂಗುಲದಷ್ಟು ಕಡಿಮೆ ಆಳದ್ದು, ತುದಿ ಹೆಚ್ಚು ಬಳುಕುವಂಥದು ಇರಲಿ. ಮಧ್ಯಾಹ್ನದವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು ಎಂದು ಹೊತ್ತು ಹಂಚಿಕೊಳ್ಳಿ. ನಿಮ್ಮ ಪತ್ರದಲ್ಲಿ ಇನ್ನೊಂದು ವಿಷಯವನ್ನು ಗಮನಿಸಿದೆ: ನೀವು ಅಪ್ಪ ನಿಲ್ಲುವ ಜಾಗದಲ್ಲಿಯೇ ನಿಲ್ಲುತ್ತಿದ್ದೀರಿ ಎಂದು ಬರೆದಿದ್ದೀರಿ. ಎತ್ತರವೂ ತೂಕವೂ ಬೇರೆಯಾದ ಮೇಲೆ ಕಾಲಿನ ಜಾಗವೂ ಬೇರೆಯಾಗಲೇಬೇಕು. ದಡದ ಒದ್ದೆ ಮರಳಿನ ಮೇಲೆ ಫಿನ್ ಬಿಚ್ಚಿದ ಬೋರ್ಡನ್ನು ಇಟ್ಟು, ಅದರ ಮೇಲೆ ನಿಂತು ಎರಡೂ ಬದಿಗೆ ಮೆಲ್ಲನೆ ವಾಲಿರಿ. ಯಾವ ಜಾಗದಲ್ಲಿ ನಿಂತಾಗ ಮೂತಿಯೂ ಬಾಲವೂ ಏಳದೆ ಇಡೀ ಬೋರ್ಡು ಒಟ್ಟಿಗೆ ಉರುಳುತ್ತದೆಯೋ ಅದರ ಆಸುಪಾಸಿನಲ್ಲಿ ನಿಮ್ಮ ಎರಡು ಕಾಲುಗಳ ನಡುಬಿಂದು ಇರಬೇಕು. ಕಾಲು ಜಾರದಂತೆ ಬೋರ್ಡಿಗೆ ಹಚ್ಚಿದ ವ್ಯಾಕ್ಸಿನ ಮೇಲೆ ಉಗುರಿನಿಂದ ಒಂದು ಗೆರೆ ಎಳೆದು ಗುರುತಿಟ್ಟುಕೊಳ್ಳಿ. ಅದಾದ ಮೇಲೆ ಫಿನ್ನಿನ ಗೆರೆಯನ್ನು ಹುಡುಕಿದರೆ ಅದು ಬೇಗ ಸಿಗುತ್ತದೆ.

ಪ್ರಶ್ನೆ: ಹಾರಂಗಿ ಹಿನ್ನೀರಿನಂಥ ನಿಂತ ನೀರಿನಲ್ಲಿ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡು ಓಡಿಸಲು ಯೋಚಿಸಿದ್ದೇನೆ. ಅದರ ವಿವರಣೆಯಲ್ಲಿಯೂ ಡಿಸ್‌ಪ್ಲೇಸ್‌ಮೆಂಟ್ ಹಲ್ ಎಂದೇ ಇದೆ. ಫಿನ್ ವಿಷಯದಲ್ಲಿ ಒಂದೇ ನಿಯಮವೇ?
— ಓದುಗರು, ಕುಶಾಲನಗರ

ಉತ್ತರ: ಹೆಸರು ಒಂದು, ವಸ್ತು ಬೇರೆ. ಪ್ಯಾಡಲ್ ಬೋರ್ಡಿನಲ್ಲಿ ಆ ಹೆಸರು ಸೂಚಿಸುವುದು ದೋಣಿಯಂತೆ ಚೂಪಾದ ಮುಂಭಾಗವನ್ನು. ಅದು ನೀರನ್ನು ಸೀಳಿ ಎರಡು ಬದಿಗೆ ಸರಿಸುತ್ತ ಹೋಗುತ್ತದೆ. ಅಲೆಯ ಗೋಡೆಯ ಸೆಳೆತ ಅಲ್ಲಿ ಇಲ್ಲವಾದ್ದರಿಂದ ಮೇಲೆ ವಿರಾಜಪೇಟೆಯವರಿಗೆ ಹೇಳಿದ ಬಹಳಷ್ಟು ಮಾತು ನಿಮಗೆ ಅನ್ವಯಿಸುವುದಿಲ್ಲ. ಫಿನ್ ಹಿಂದಿದ್ದರೆ ಬೋರ್ಡು ನೇರ ಹೋಗುತ್ತದೆ, ಹುಟ್ಟನ್ನು ಪದೇಪದೇ ಬದಿ ಬದಲಿಸಬೇಕಾಗುವುದಿಲ್ಲ. ಮುಂದಿದ್ದರೆ ಬೇಗ ತಿರುಗುತ್ತದೆ. ಇಷ್ಟು ಎರಡಕ್ಕೂ ಸಮಾನ. ನಿಂತ ನೀರಿನಲ್ಲಿ ನಿಜವಾಗಿ ತೊಂದರೆ ಕೊಡುವುದು ಅಡ್ಡಗಾಳಿ. ಫಿನ್ ತೀರಾ ಹಿಂದಿದ್ದರೆ ಬಾಲ ನೀರಿಗೆ ನೆಟ್ಟಂತೆ ನಿಂತು, ಗಾಳಿ ಮೂತಿಯನ್ನು ಮಾತ್ರ ತಳ್ಳಿಕೊಂಡು ಹೋಗುತ್ತದೆ. ಆಗ ಫಿನ್ನನ್ನು ಒಂದೆರಡು ಅಂಗುಲ ಮುಂದಕ್ಕೆ ತಂದರೆ ಮೂತಿ, ಬಾಲ ಎರಡೂ ಸಮನಾಗಿ ಗಾಳಿಗೆ ಎದುರು ನಿಲ್ಲುತ್ತವೆ. ಇಲ್ಲಿ ಕಾಲು ಅಂಗುಲದ ಲೆಕ್ಕ ಬೇಕಿಲ್ಲ.

ನೀರಿನ ಕಳೆಗಿಡ ಇರುವ ಕಡೆಗೆ ಹಿಂದಕ್ಕೆ ಚೆನ್ನಾಗಿ ಬಾಗಿದ ಫಿನ್ ಬಳಸಿ, ಗಿಡ ಸಿಕ್ಕಿಕೊಳ್ಳದೆ ಜಾರಿ ಹೋಗುತ್ತದೆ. ಬೇಸಿಗೆಯಲ್ಲಿ ದುಬಾರೆಯ ಬಳಿ ಕಾವೇರಿಯಲ್ಲಿ ಕಾಣುವಂತೆ ಬಂಡೆಗಳು ಮೇಲೆದ್ದ ನೀರಿನಲ್ಲಿ ಆಳವಾದ ಫಿನ್ ಹಾಕಿದರೆ ಅದು ಬಂಡೆಗೆ ತಾಗಿ ಬಾಕ್ಸನ್ನೇ ಕಿತ್ತುಕೊಂಡು ಬರುತ್ತದೆ. ಜಲಾಶಯಕ್ಕೆ ಇಳಿಯುವ ಮೊದಲು ಸಂಬಂಧಪಟ್ಟವರ ಅನುಮತಿ ಪಡೆಯಿರಿ, ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ.

ಪ್ರಶ್ನೆ: ಮಳೆಗಾಲಕ್ಕೆ ಬೋರ್ಡನ್ನು ಅಟ್ಟದಲ್ಲಿ ಇಟ್ಟಿದ್ದೆ. ಕೈಲ್ ಮುಹೂರ್ತ ಕಳೆದು ತೆಗೆದು ನೋಡಿದರೆ ಫಿನ್ನಿನ ಸ್ಕ್ರೂ ತುಕ್ಕು ಹಿಡಿದು ಮಿಸುಕುತ್ತಿಲ್ಲ. ಫಿನ್ ಸರಿಸುವುದಿರಲಿ, ಬಿಚ್ಚಲೂ ಆಗುತ್ತಿಲ್ಲ.
— ಓದುಗರು, ನಾಪೋಕ್ಲು

ಉತ್ತರ: ಬಲ ಹಾಕಿ ತಿರುಗಿಸಬೇಡಿ, ಸ್ಕ್ರೂವಿನ ತಲೆ ಸವೆದರೆ ಕೆಲಸ ಇನ್ನೂ ಕಷ್ಟವಾಗುತ್ತದೆ. ಬಾಕ್ಸಿನೊಳಕ್ಕೆ ಬಿಸಿನೀರು (ಕುದಿಯುವ ನೀರಲ್ಲ) ಹನಿಸಿ ಉಪ್ಪು ಕರಗಿ, ಮರಳು ಸಡಿಲವಾಗಲು ಬಿಡಿ. ಆಮೇಲೆ ಸ್ಕ್ರೂವಿನ ಸುತ್ತ ಒಂದೆರಡು ಹನಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಇಡಿ. ಬೆಳಗ್ಗೆ, ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು ಮೊದಲು ತುಸು ಬಿಗಿಯುವ ಕಡೆಗೆ, ಬಳಿಕ ಬಿಚ್ಚುವ ಕಡೆಗೆ, ಹೀಗೆ ಅತ್ತಿತ್ತ ಮಿಸುಕಿಸುತ್ತ ಬನ್ನಿ.

ಬಿಚ್ಚಿದ ಮೇಲೆ ಆ ಸ್ಕ್ರೂ ಮತ್ತು ಅದು ಕಚ್ಚುವ ಚಿಕ್ಕ ಲೋಹದ ಬಿಲ್ಲೆ ಎರಡನ್ನೂ ಎಸೆದು ಸ್ಟೇನ್‌ಲೆಸ್ ಸ್ಟೀಲಿನದನ್ನು ಹಾಕಿ. ಬಿಲ್ಲೆಯನ್ನು ಜಾಗಕ್ಕೆ ಕೂರಿಸುವಾಗ ಅನೇಕರು ಕಡ್ಡಿಯಿಂದ ತಳ್ಳುತ್ತ ಬೇಸರಪಡುತ್ತಾರೆ. ಸ್ಕ್ರೂವನ್ನು ಫಿನ್ನಿಲ್ಲದೆ ಬರಿದೇ ಬಿಲ್ಲೆಗೆ ಎರಡು ಸುತ್ತು ಹಾಕಿ, ಬಾಕ್ಸಿನ ನಡುವಿನ ಕಿಂಡಿಯಿಂದ ಬಿಲ್ಲೆಯನ್ನು ಒಳಗಿಳಿಸಿ, ಸ್ಕ್ರೂವನ್ನೇ ಹಿಡಿಯಂತೆ ಹಿಡಿದು ಬೇಕಾದ ಗೆರೆಯವರೆಗೆ ಜಾರಿಸಿ. ಸ್ಕ್ರೂ ಬಿಚ್ಚಿ ತೆಗೆದರೆ ಬಿಲ್ಲೆ ಅಲ್ಲಿಯೇ ಕುಳಿತಿರುತ್ತದೆ. ಬಳಿಕ ಫಿನ್ನಿನ ಹಿಂಬದಿಯ ಪಿನ್ನನ್ನು ಅದೇ ಕಿಂಡಿಯಿಂದ ಒಳಗಿಳಿಸಿ ಹಿಂದಕ್ಕೆ ಜಾರಿಸಿ, ಮುಂಬದಿಯನ್ನು ಕೆಳಕ್ಕೆ ಒತ್ತಿ ಸ್ಕ್ರೂ ಹಾಕಿ. ಬೆರಳಿಗೆ ಗಟ್ಟಿಯೆನಿಸಿದ ಮೇಲೆ ಕಾಲು ಸುತ್ತು ಸಾಕು. ಹೆಚ್ಚು ಬಿಗಿದರೆ ಫಿನ್ನಿನ ಬುಡ ಸೀಳುತ್ತದೆ. ಬುಡ ಬಾಕ್ಸಿನೊಳಗೆ ಅಲುಗಾಡುತ್ತಿದ್ದರೆ ಎರಡೂ ಬದಿಗೆ ತೆಳುವಾದ ಟೇಪ್ ಅಂಟಿಸಿ. ಅಲುಗುವ ಫಿನ್ನಿನ ಮೇಲೆ ಕಾಲು ಅಂಗುಲದ ಪ್ರಯೋಗ ಮಾಡಿ ಪ್ರಯೋಜನವಿಲ್ಲ.

ಮುಂದಿನ ವರ್ಷ ಮೇ ಕೊನೆಯಲ್ಲಿ, ಕಡಲು ಕೆರಳುವ ಮೊದಲು, ಬೋರ್ಡನ್ನು ಸಿಹಿನೀರಿನಲ್ಲಿ ತೊಳೆದು ಫಿನ್ ಬಿಚ್ಚಿ ಬೇರೆ ಇಡಿ. ಅಟ್ಟದಲ್ಲಿ ಹೆಂಚಿನ ಕೆಳಗೆ ಬೇಡ, ಬಿಸಿಲು ಬಂದ ದಿನ ಅಲ್ಲಿ ಕಾವು ಏರಿ ಬೋರ್ಡಿನ ಮೇಲ್ಪದರ ಒಳಗಿನ ಫೋಮಿನಿಂದ ಬಿಟ್ಟುಕೊಳ್ಳುತ್ತದೆ. ಮನೆಯೊಳಗೆ ಗಾಳಿಯಾಡುವ ಗೋಡೆಯ ಬದಿಗೆ ಎರಡು ಪಟ್ಟಿ ಕಟ್ಟಿ ಅಡ್ಡಲಾಗಿ ತೂಗುಹಾಕಿ. ಟೇಪಿನ ಮೇಲಿನ ಗೆರೆಗಳು ಕಕ್ಕಡದ ತೇವಕ್ಕೆ ಅಳಿಸಿಹೋಗುತ್ತವೆ. ನಿಮ್ಮ ಫಿನ್ನಿನ ಬುಡದಿಂದ ಬಾಲದವರೆಗಿನ ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಸೆಪ್ಟೆಂಬರಿನಲ್ಲಿ ಅಲ್ಲಿಂದಲೇ ಆರಂಭಿಸಿ.